ಬಾಸ್ಟನ್ನಿನ ಹಸಿರು ಗೋಡೆ, ನೀಲಿ 42

ಬಾಸ್ಟನ್ನಿನ ಕೆನ್‌ಮೋರ್ ಸ್ಟೇಷನ್ನಿನಲ್ಲಿ ಇಳಿದರೆ ಫೆನ್‌ವೇ ಪಾರ್ಕ್ ಎಂಬ ಬೇಸ್‌ಬಾಲ್ ಮೈದಾನಕ್ಕೆ ದಾರಿ ಕೇಳಬೇಕಾಗಿಲ್ಲ. ಕೆಂಪು 'ಬಿ' ಅಕ್ಷರದ ಕಡುನೀಲಿ ಟೋಪಿ ಹಾಕಿಕೊಂಡವರ ಹಿಂದೆ ಹೆಜ್ಜೆ ಹಾಕಿದರೆ ಸಾಕು. ಮಗು ಎತ್ತಿಕೊಂಡವರು, ಕೋಲು ಊರಿಕೊಂಡವರು, ಆಫೀಸಿನಿಂದ ನೇರ ಬಂದವರು, ಎಲ್ಲರೂ ಒಂದೇ ಕಡೆ ಹೊರಟಿರುತ್ತಾರೆ. ಅಕ್ಕನ ಮಗ ಇಲ್ಲಿಗೆ ಬಂದು ನೆಲೆಸಿ ವರ್ಷಗಳಾಗಿವೆ. "ಮಾಮ, ಇಲ್ಲಿ ಹಾರ್ವರ್ಡ್ ನೋಡದಿದ್ರೂ ನಡೆಯುತ್ತೆ, ರೆಡ್ ಸಾಕ್ಸ್ ಆಟ ನೋಡ್ದೆ ವಾಪಸ್ ಹೋಗೋ ಹಾಗಿಲ್ಲ" ಅಂತ ಮೊದಲೇ ಟಿಕೆಟ್ ತೆಗೆದಿಟ್ಟಿದ್ದ. ರೆಡ್ ಸಾಕ್ಸ್ ಅಂದರೆ ಈ ಊರಿನ ಬೇಸ್‌ಬಾಲ್ ತಂಡ.

ಹೊರಗಿನಿಂದ ಅದು ಬರೀ ಒಂದು ಕೆಂಪು ಇಟ್ಟಿಗೆ ಕಟ್ಟಡ. ಅಮೆರಿಕದ ದೊಡ್ಡ ಲೀಗ್‌ಗಳಲ್ಲಿ ಇದಕ್ಕಿಂತ ಹಳೆಯ ಬೇಸ್‌ಬಾಲ್ ಮೈದಾನ ಈಗ ಉಳಿದಿಲ್ಲ. ಇಲ್ಲಿ ಮೊದಲ ಲೀಗ್ ಪಂದ್ಯ ನಡೆದದ್ದು 1912ರ ಏಪ್ರಿಲ್ 20ರಂದು. ಅದಕ್ಕೆ ಐದು ದಿನ ಮೊದಲು ಟೈಟಾನಿಕ್ ಮುಳುಗಿತ್ತು. ಆ ವಾರದ ಪತ್ರಿಕೆಗಳಲ್ಲಿ ಹೊಸ ಮೈದಾನವನ್ನು ಕೇಳುವವರು ಯಾರು?

ಒಳಗೆ ಹೋದ ಕೂಡಲೇ ಕಣ್ಣು ಎಡಗಡೆಗೆ ಹೋಗುತ್ತದೆ. ಹಸಿರು ಬಣ್ಣ ಬಳಿದ 37 ಅಡಿ ಎತ್ತರದ ಗೋಡೆ. ಹೆಸರು ಗ್ರೀನ್ ಮಾನ್‌ಸ್ಟರ್. ಪಕ್ಕದಲ್ಲೇ ಲ್ಯಾನ್ಸ್‌ಡೌನ್ ಸ್ಟ್ರೀಟ್ ಇರುವುದರಿಂದ ಆ ಕಡೆ ಮೈದಾನವನ್ನು ಹಿಗ್ಗಿಸಲು ಜಾಗವಿಲ್ಲ. ಹಾಗಾಗಿ ಬ್ಯಾಟರ್ ನಿಲ್ಲುವ ಜಾಗದಿಂದ ಎಡಗಡೆ ಅಂಚು ಸುಮಾರು 310 ಅಡಿಗೇ ಮುಗಿಯುತ್ತದೆ. ಬೇರೆ ಕಡೆ ಹೋಮ್ ರನ್ (ನಮ್ಮ ಸಿಕ್ಸರಿನ ಹಾಗೆ ಮೈದಾನ ದಾಟುವ ಹೊಡೆತ) ಆಗುವ ಚೆಂಡು ಇಲ್ಲಿ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಬೇರೆ ಕಡೆ ಸುಲಭದ ಕ್ಯಾಚ್ ಆಗುವುದು ಇಲ್ಲಿ ಗೋಡೆ ದಾಟಿ ಹೋಗುತ್ತದೆ. ಗೋಡೆಯ ಬುಡದಲ್ಲಿ ಸ್ಕೋರ್ ಬೋರ್ಡ್. ಈ ಕಾಲದಲ್ಲೂ ಅದರ ಒಳಗೆ ಮನುಷ್ಯರು ಕೂತು ಅಂಕಿಯ ಹಲಗೆಗಳನ್ನು ಕೈಯಿಂದ ಬದಲಿಸುತ್ತಾರೆ. ಗೋಡೆಗೆ ಒಂದು ಏಣಿಯೂ ಅಂಟಿಕೊಂಡಿದೆ. ಹಿಂದೆ ಮೇಲಿನ ಬಲೆಯಲ್ಲಿ ಬಿದ್ದ ಚೆಂಡು ತರಲು ಹತ್ತುತ್ತಿದ್ದರಂತೆ. 2003ರಲ್ಲಿ ಬಲೆ ಹೋಗಿ ಅಲ್ಲಿ ಸೀಟುಗಳು ಬಂದವು. ಏಣಿ ಮಾತ್ರ ಸುಮ್ನೆ ನಿಂತಿದೆ.

ನಮ್ಮ ಸೀಟು ಮೂರನೇ ಬೇಸ್ (ಬ್ಯಾಟರ್ ಓಡುತ್ತಾ ಮುಟ್ಟಬೇಕಾದ ಜಾಗ) ಕಡೆ, ಹಳೆಯ ಮರದ ಕುರ್ಚಿಗಳ ಸಾಲಿನಲ್ಲಿ. ಮೊಣಕಾಲು ಮುಂದಿನವರ ಬೆನ್ನಿಗೆ ತಾಗುತ್ತದೆ. ಕೆಲವು ಸೀಟುಗಳ ಎದುರಿಗೇ ಕಬ್ಬಿಣದ ಕಂಬ ಇದೆ. ಅದನ್ನು ಟಿಕೆಟ್ ಮಾರುವಾಗಲೇ ಹೇಳಿರುತ್ತಾರೆ. ಹೆಚ್ಚುಕಡಿಮೆ 37 ಸಾವಿರ ಜನ ಹಿಡಿಸುವ ಜಾಗ. ಆದರೂ ಆಟಗಾರ ಉಗುಳುವುದೂ ಕಾಣುವಷ್ಟು ಹತ್ತಿರ. ಕಾಲಡಿಯಲ್ಲಿ ಕಡಲೆಕಾಯಿ ಸಿಪ್ಪೆ. ಮಾರುವವನು ಪೊಟ್ಟಣವನ್ನು ಹತ್ತು ಸಾಲು ಆಚೆಯಿಂದ ಎಸೆಯುತ್ತಾನೆ, ದುಡ್ಡು ಕೈಯಿಂದ ಕೈಗೆ ದಾಟಿ ಅವನಿಗೆ ತಲುಪುತ್ತದೆ. ಏಳನೇ ಇನ್ನಿಂಗ್ಸ್‌ನ ನಡುವೆ ಎಲ್ಲರೂ ಎದ್ದು 1908ರ ಹಾಡೊಂದನ್ನು ಹಾಡುತ್ತಾರೆ, ಅದರಲ್ಲೂ ಕಡಲೆಕಾಯಿ. ಬಸವನಗುಡಿ ಪರಿಷೆ ನೋಡಿದವರಿಗೆ ಇದೇನು ಹೊಸದಲ್ಲ.

ಪಕ್ಕದಲ್ಲಿ ಒಬ್ಬರು ಅಜ್ಜಿ. ತೊಡೆಯ ಮೇಲೆ ಸ್ಕೋರ್ ಕಾರ್ಡ್, ಕೈಯಲ್ಲಿ ಮೊಂಡು ಪೆನ್ಸಿಲ್. ಪ್ರತಿ ಬ್ಯಾಟರ್‌ಗೂ ಒಂದು ಚೌಕ. ಮೂರು ಸ್ಟ್ರೈಕ್ (ಹೊಡೆಯದೆ ತಪ್ಪಿದ ಎಸೆತ) ಆಗಿ ಔಟಾದರೆ 'ಕೆ' ಅಕ್ಷರ. ಬ್ಯಾಟ್ ಬೀಸದೆ ನೋಡುತ್ತಾ ನಿಂತೇ ಔಟಾದರೆ ಅದೇ 'ಕೆ' ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗಿಸಿ. ಆಟಗಾರರ ಹೆಸರು ಬರೆಯುವುದಿಲ್ಲ, ಜಾಗಕ್ಕೊಂದು ನಂಬರ್. ಅಜ್ಜಿ ಒಮ್ಮೆ 6-4-3 ಎಂದು ಬರೆದು ನನ್ನ ಕಡೆ ತಿರುಗಿಸಿ ತೋರಿಸಿದರು. ಶಾರ್ಟ್‌ಸ್ಟಾಪ್ (6, ಎರಡನೇ ಮತ್ತು ಮೂರನೇ ಬೇಸ್ ನಡುವಿನ ಫೀಲ್ಡರ್) ಚೆಂಡು ಹಿಡಿದು ಎರಡನೇ ಬೇಸ್‌ನವನಿಗೆ (4), ಅಲ್ಲಿಂದ ಮೊದಲ ಬೇಸ್‌ನವನಿಗೆ (3), ಇಬ್ಬರು ಔಟ್. ಮೂರು ಸೆಕೆಂಡಿನ ಗದ್ದಲವೆಲ್ಲ ಮೂರು ಅಂಕಿಯಲ್ಲಿ. ಈ ಲೆಕ್ಕದ ಪದ್ಧತಿಯನ್ನು ಬೆಳೆಸಿದವನು ಹೆನ್ರಿ ಚಾಡ್ವಿಕ್. ಇಂಗ್ಲೆಂಡಿನಲ್ಲಿ ಹುಟ್ಟಿ ನ್ಯೂಯಾರ್ಕಿಗೆ ಬಂದ ಪತ್ರಕರ್ತ, ಮೊದಲು ಕ್ರಿಕೆಟ್ ವರದಿ ಬರೆಯುತ್ತಿದ್ದವನು. ನಮ್ಮ ಸ್ಕೋರ್ ಬುಕ್ಕಿನ ರಕ್ತ ಇದರಲ್ಲೂ ಸ್ವಲ್ಪ ಇದೆ.

ಅಜ್ಜಿಗೆ ಮಾತಾಡಲು ಜನ ಬೇಕಿತ್ತು, ನನಗೆ ಕೇಳಲು. "ನಮ್ಮಪ್ಪ ಒಂದು ಕಪ್ಪೂ ನೋಡದೆ ಹೋದರು" ಎಂದರು. ಕಥೆ ಅಮೆರಿಕದಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದೇ. ಬೇಬ್ ರೂತ್ ಮೊದಲು ಬಾಸ್ಟನ್ನಿನವನು, ಅದೂ ಪಿಚರ್, ಅಂದರೆ ಚೆಂಡು ಎಸೆಯುವವನು. 1918ರಲ್ಲಿ ರೆಡ್ ಸಾಕ್ಸ್ ತನ್ನ ಐದನೇ ವರ್ಲ್ಡ್ ಸೀರೀಸ್ (ವರ್ಷದ ಕೊನೆಯ ಪ್ರಶಸ್ತಿ ಸರಣಿ) ಗೆದ್ದಿತು. 1919ರ ಕೊನೆಯಲ್ಲಿ ಮಾಲೀಕ ರೂತ್‌ನನ್ನು ಒಂದು ಲಕ್ಷ ಡಾಲರಿಗೆ ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಿಬಿಟ್ಟ. ಮರುವರ್ಷವೇ ರೂತ್ 54 ಹೋಮ್ ರನ್ ಹೊಡೆದ. ಅಲ್ಲಿಯವರೆಗೆ ಒಂದೂ ಗೆಲ್ಲದ ಯಾಂಕೀಸ್ ಆಮೇಲೆ ಗೆಲ್ಲುತ್ತಲೇ ಹೋಯಿತು. ಬಾಸ್ಟನ್ 86 ವರ್ಷ ಕಾಯಿತು. 2004ರಲ್ಲಿ ಅದೇ ಯಾಂಕೀಸ್ ಎದುರಿನ ಸರಣಿಯಲ್ಲಿ 0-3 ಹಿಂದೆ ಬಿದ್ದು, ಸಾಲಾಗಿ ನಾಲ್ಕು ಪಂದ್ಯ ಗೆದ್ದು, ನಂತರ ವರ್ಲ್ಡ್ ಸೀರೀಸ್‌ನಲ್ಲಿ ಸೇಂಟ್ ಲೂಯಿಸ್ ತಂಡವನ್ನೂ 4-0 ಸೋಲಿಸಿತು. ಆಗ ಎಷ್ಟೋ ಜನ ಸ್ಮಶಾನಕ್ಕೆ ಹೋಗಿ ಅಪ್ಪ, ತಾತಂದಿರ ಸಮಾಧಿ ಮೇಲೆ ತಂಡದ ಬಾವುಟ ಇಟ್ಟು ಬಂದರು. ಈ ಅಜ್ಜಿಯೂ ಇಟ್ಟಿದ್ದರು.

ಇದನ್ನೆಲ್ಲ ರೂತ್‌ನ ಶಾಪ ಅಂತ ಕರೆಯುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಒಬ್ಬನನ್ನು ಮಾರಿದ್ದಕ್ಕಿಂತ, ಬಾಗಿಲಿಗೆ ಬಂದವನನ್ನು ವಾಪಸ್ ಕಳಿಸಿದ್ದೇ ದೊಡ್ಡ ನಷ್ಟ ಅಂತ ನನಗೆ ಅನಿಸುತ್ತದೆ.

1945ರ ಏಪ್ರಿಲ್ 16. ಆಗ ದೊಡ್ಡ ಲೀಗ್‌ಗಳಲ್ಲಿ ಕಪ್ಪು ಜನರಿಗೆ ಜಾಗವಿರಲಿಲ್ಲ. ನಗರ ಸಭೆಯ ಸದಸ್ಯ ಇಸಡೋರ್ ಮಚ್ನಿಕ್, ಭಾನುವಾರದ ಪಂದ್ಯಗಳಿಗೆ ಅನುಮತಿ ಬೇಕೆಂದರೆ ಅವರಿಗೂ ಅವಕಾಶ ಕೊಡಿ ಎಂದು ಪಟ್ಟು ಹಿಡಿದ. ವೆಂಡೆಲ್ ಸ್ಮಿತ್ ಎಂಬ ಪತ್ರಕರ್ತ ಮೂವರನ್ನು ಕರೆತಂದ. ಜಾಕಿ ರಾಬಿನ್‌ಸನ್, ಸ್ಯಾಮ್ ಜೆತ್ರೊ, ಮಾರ್ವಿನ್ ವಿಲಿಯಮ್ಸ್. ಇದೇ ಹುಲ್ಲಿನ ಮೇಲೆ ಅವರು ಆಡಿ ತೋರಿಸಿದರು. ಆಮೇಲೆ ರೆಡ್ ಸಾಕ್ಸ್‌ನಿಂದ ಒಬ್ಬರಿಗೂ ಕರೆ ಬರಲಿಲ್ಲ. ಎರಡು ವರ್ಷಕ್ಕೆ, 1947ರ ಏಪ್ರಿಲ್ 15ರಂದು, ರಾಬಿನ್‌ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರ ಆಡಿ ಆ ವರ್ಣಭೇದದ ಗೋಡೆಯನ್ನು ಒಡೆದ. 1949ರಲ್ಲಿ ತನ್ನ ಲೀಗಿನ ಅತ್ಯುತ್ತಮ ಆಟಗಾರನಾದ. ಜೆತ್ರೊ 1950ರಲ್ಲಿ ಇದೇ ಊರಿನ ಇನ್ನೊಂದು ತಂಡವಾದ ಬ್ರೇವ್ಸ್ ಸೇರಿ ವರ್ಷದ ಹೊಸ ಆಟಗಾರ ಪ್ರಶಸ್ತಿ ಪಡೆದ. ರೆಡ್ ಸಾಕ್ಸ್ ತನ್ನ ಮೊದಲ ಕಪ್ಪು ಆಟಗಾರ ಪಂಪ್ಸಿ ಗ್ರೀನ್‌ನನ್ನು ಆಡಿಸಿದ್ದು 1959ರಲ್ಲಿ. ಆಗಿದ್ದ 16 ತಂಡಗಳಲ್ಲಿ ಎಲ್ಲಕ್ಕಿಂತ ಕೊನೆ.

ಬಲಗಡೆ ಮೇಲಂತಸ್ತಿನ ಅಂಚಿನಲ್ಲಿ ನಿವೃತ್ತಿ ಕೊಟ್ಟ, ಅಂದರೆ ಗೌರವಕ್ಕಾಗಿ ಇನ್ಯಾರಿಗೂ ಕೊಡದ ಅಂಗಿ ನಂಬರುಗಳಿವೆ. ಎಲ್ಲ ಕೆಂಪು, ಒಂದು ಮಾತ್ರ ನೀಲಿ. ಅದು 42, ರಾಬಿನ್‌ಸನ್ನನದು. 1997ರಿಂದ ಎಲ್ಲ ತಂಡಗಳೂ ಆ ನಂಬರನ್ನು ಎತ್ತಿಟ್ಟಿವೆ. ಹಾಗಾಗಿ ಅವನನ್ನು ಬೇಡವೆಂದ ಮೈದಾನದಲ್ಲೂ ಅದು ಇದೆ, ಡಾಡ್ಜರ್ಸ್ ಬಣ್ಣದಲ್ಲಿ.

ಅದೇ ಸಾಲಿನ ಕೆಂಪು 9 ಟೆಡ್ ವಿಲಿಯಮ್ಸ್‌ನದು. ಬಲಗಡೆ ಹಸಿರು ಕುರ್ಚಿಗಳ ನಡುವೆ ಒಂದೇ ಒಂದು ಕೆಂಪು ಕುರ್ಚಿ ಇದೆ. 1946ರಲ್ಲಿ ಅವನು ಹೊಡೆದ 502 ಅಡಿಯ ಹೋಮ್ ರನ್ ಅಲ್ಲಿ ಕೂತವನ ಹುಲ್ಲಿನ ಟೋಪಿಗೆ ಬಡಿದಿತ್ತು. 1941ರ ಸೀಸನ್ನಿನ ಕೊನೆಯ ದಿನ ಅವನ ಸರಾಸರಿ (ಬ್ಯಾಟಿಂಗ್ ಸರದಿಗಳಲ್ಲಿ ಎಷ್ಟು ಪಾಲು ಹಿಟ್ ಎಂಬ ಲೆಕ್ಕ) .39955. ಆಡದೆ ಕೂತಿದ್ದರೆ ಲೆಕ್ಕದಲ್ಲಿ .400 ಆಗುತ್ತಿತ್ತು. ಎರಡೂ ಪಂದ್ಯ ಆಡಿದ, ಎಂಟರಲ್ಲಿ ಆರು ಹಿಟ್, .406. ಹತ್ತರಲ್ಲಿ ಮೂರು ಹೊಡೆದವನೇ ಜಾಣ ಅನಿಸಿಕೊಳ್ಳುವ ಆಟ ಇದು, ನೆನಪಿರಲಿ.

ಆದರೆ ವಿಲಿಯಮ್ಸ್ ನನಗೆ ಇಷ್ಟವಾಗುವುದು ಇನ್ನೊಂದಕ್ಕೆ. 1966ರಲ್ಲಿ ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್‌ಗೆ (ಬೇಸ್‌ಬಾಲ್ ದಿಗ್ಗಜರ ಗೌರವ ಭವನ) ಅವನನ್ನು ಸೇರಿಸಿಕೊಂಡಾಗ, ಸ್ಯಾಚೆಲ್ ಪೇಜ್, ಜೋಶ್ ಗಿಬ್ಸನ್‌ರಂಥ ನೀಗ್ರೋ ಲೀಗ್ (ಕಪ್ಪು ಜನರಿಗೆಂದೇ ಇದ್ದ ಬೇರೆ ಲೀಗ್) ಆಟಗಾರರೂ ಇಲ್ಲಿಗೆ ಬರಬೇಕು ಅಂತ ವೇದಿಕೆ ಮೇಲೇ ಹೇಳಿದ. ಪೇಜ್ 1971ರಲ್ಲಿ, ಗಿಬ್ಸನ್ 1972ರಲ್ಲಿ ಸೇರಿದರು. 2024ರಲ್ಲಿ ನೀಗ್ರೋ ಲೀಗ್‌ಗಳ ಅಂಕಿಗಳೂ ಅಧಿಕೃತ ದಾಖಲೆಗೆ ಬಂದವು. ಜೀವನದ ಸರಾಸರಿಯಲ್ಲಿ ಈಗ ಎಲ್ಲರಿಗಿಂತ ಮೇಲಿರುವವನು ಗಿಬ್ಸನ್, .372. ವಿಲಿಯಮ್ಸ್ ನಂತರ ಯಾರೂ .400 ಮುಟ್ಟಿಲ್ಲ ಅನ್ನುವ ಮಾತೂ ಹೋಯಿತು, 1943ರಲ್ಲಿ ಗಿಬ್ಸನ್ .466 ಹೊಡೆದಿದ್ದ. ಅಜ್ಜಿಗೆ ಇದು ಅಷ್ಟಾಗಿ ಹಿಡಿಸಿರಲಿಲ್ಲ. "ಟೆಡ್ ಟೆಡ್ಡೇ" ಎಂದು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡರು.

ಆಟ ಮುಗಿದ ಮೇಲೆ ಜೊತೆಯಲ್ಲೇ ಜರ್ಸಿ ಸ್ಟ್ರೀಟಿಗೆ ಬಂದೆವು. ಈ ರಸ್ತೆಗೆ 1977ರಿಂದ ಯಾಕಿ ವೇ ಎಂಬ ಹೆಸರಿತ್ತು. 1933ರಿಂದ ಸಾಯುವವರೆಗೆ ತಂಡದ ಮಾಲೀಕನಾಗಿದ್ದ ಟಾಮ್ ಯಾಕಿಯ ನೆನಪಿಗೆ. ರಾಬಿನ್‌ಸನ್‌ಗೆ ಕರೆ ಹೋಗದ ಕಾಲ, ಪಂಪ್ಸಿ ಗ್ರೀನ್‌ವರೆಗಿನ ಕಾಲ, ಎರಡೂ ಅವನದೇ. ತಂಡವೇ ಕೇಳಿಕೊಂಡ ಮೇಲೆ 2018ರಲ್ಲಿ ಹಳೆಯ ಜರ್ಸಿ ಸ್ಟ್ರೀಟ್ ಹೆಸರು ವಾಪಸ್ ಬಂತು.

"ಆಸ್ಪತ್ರೆಗಳಿಗೆ ಎಷ್ಟು ಕೊಟ್ಟ ಮನುಷ್ಯ ಅವನು" ಎಂದರು ಅಜ್ಜಿ. "ಕೊಟ್ಟಿರಬಹುದು, ಆದ್ರೆ ಆಟಕ್ಕೆ ಜಾಗ ಕೊಡಲಿಲ್ಲ ಅಲ್ವಾ" ಎಂದ ನಮ್ಮ ಹುಡುಗ. ಇಬ್ಬರೂ ವಾದ ಮಾಡಿಕೊಂಡೇ ಸ್ಟೇಷನ್ನಿನ ಕಡೆ ನಡೆದರು. ನಾನು ಹಿಂದಿನಿಂದ, ಉಳಿದ ಕಡಲೆಕಾಯಿ ಬಿಡಿಸುತ್ತಾ.