ಓಟಿಪಿ ಕೊಡದ ತಾಯಿ

“ಸಾರ್, ಯಾರು ಕೇಳಿದರೂ ಆ ನಂಬರು ಹೇಳಬೇಡಿ ಎಂದು ಪೋಷಕರ ಸಭೆಯಲ್ಲಿ ನೀವೇ ಹೇಳಿದಿರಲ್ಲ?”

ಮಂಗಳವಾರ ಮಧ್ಯಾಹ್ನ ನಮ್ಮ ಶಿಕ್ಷಕರ ಕೊಠಡಿಯಲ್ಲಿ ಸ್ಪೀಕರಿಗೆ ಹಾಕಿದ್ದ ಫೋನಿನಿಂದ ಈ ಮಾತು ಬಂತು. ಹಿನ್ನೆಲೆಯಲ್ಲಿ ಶೇಂಗಾ ಬಿಡಿಸುತ್ತಿದ್ದ ಹೆಂಗಸರ ಗದ್ದಲ. ಮಾತನಾಡಿದ್ದು ಒಂಬತ್ತನೇ ತರಗತಿಯ ಒಬ್ಬ ಹುಡುಗಿಯ ತಾಯಿ. ಈ ಕಡೆ ಇದ್ದವರು ನಮ್ಮ ಗಣಿತದ ಮೇಷ್ಟ್ರು. ಅವರ ಲ್ಯಾಪ್‌ಟಾಪಿನಲ್ಲಿ ಓಟಿಪಿ ತುಂಬುವ ಚೌಕ ಖಾಲಿಯಾಗಿತ್ತು, ಅದರ ಕೆಳಗೆ ಸೆಕೆಂಡುಗಳು ಇಳಿಯುತ್ತಿದ್ದವು.

“ಅದು ಬ್ಯಾಂಕಿನ ಹೆಸರು ಹೇಳಿ ಫೋನು ಮಾಡುವವರ ವಿಷಯಕ್ಕೆ ಹೇಳಿದ್ದಮ್ಮ. ನಾನು ನಿಮ್ಮ ಮಗಳ ಮೇಷ್ಟ್ರು. ದನಿ ಗೊತ್ತಾಗಲಿಲ್ಲವೇ?”

“ಗೊತ್ತಾಯಿತು ಸಾರ್. ಮೇಷ್ಟ್ರು ಎಂದು ಹೇಳಿಕೊಂಡೂ ಕೇಳುತ್ತಾರೆ ಎಂದಿದ್ದಿರಿ. ಬೇಸರ ಮಾಡಿಕೊಳ್ಳಬೇಡಿ, ನಾಳೆ ನಾನೇ ಶಾಲೆಗೆ ಬರುತ್ತೇನೆ.”

ಫೋನು ಇಟ್ಟ ಮೇಲೆ ನಮ್ಮ ಮೇಷ್ಟ್ರಿಗೆ ಸಿಟ್ಟು ಬಂದಿತ್ತು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆ ಹುಡುಗಿ ಎಂಟನೇ ತರಗತಿಯಲ್ಲಿದ್ದಾಗ ಬೆಳಿಗ್ಗೆ ಬೇಗ ಬಂದು ಅವಳಿಗೆ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನ ಪರೀಕ್ಷೆಯ ಲೆಕ್ಕಗಳನ್ನು ಮಾಡಿಸಿದವರು ಅವರೇ. ವರ್ಷಕ್ಕೆ ಮೂರೂವರೆ ಲಕ್ಷ ರೂಪಾಯಿ ಆದಾಯ ಮೀರದ ಮನೆಯ ಮಕ್ಕಳಿಗಾಗಿ ಇರುವ ಪರೀಕ್ಷೆ ಅದು. ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಆದರೆ ಆಯ್ಕೆಯಾದ ಮೇಲೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಗಡುವಿನೊಳಗೆ ನೋಂದಣಿಯಾಗಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು, ಮುಂದಿನ ವರ್ಷಗಳಲ್ಲಿ ನವೀಕರಣ ತಪ್ಪಬಾರದು. ಪರೀಕ್ಷೆ ಗೆದ್ದ ಮಗು ಅರ್ಜಿಯಲ್ಲಿ ಸೋಲುವುದನ್ನು ಕಂಡವರಿಗೆ ಮಾತ್ರ ಆ ಇಳಿಯುವ ಸೆಕೆಂಡುಗಳ ಸಂಕಟ ಗೊತ್ತು. ನಮ್ಮ ಶಾಲೆಯಲ್ಲಿ ಗುಮಾಸ್ತರ ಹುದ್ದೆ ಖಾಲಿಯಿದೆ. ಈ ಎಲ್ಲ ಕೆಲಸವನ್ನು ಅವರು ಪಾಠದ ನಡುವೆ, ತಮ್ಮದೇ ಮೊಬೈಲಿನ ಡೇಟಾ ಹಾಕಿಕೊಂಡು ಮಾಡುತ್ತಾರೆ. ಸ್ವಲ್ಪ ದುಡುಕಿನ ಮನುಷ್ಯ, ಆದರೆ ನಮ್ಮ ಶಾಲೆಯಲ್ಲಿ ಮಕ್ಕಳಿಗಾಗಿ ಅವರಷ್ಟು ಓಡಾಡುವವರು ಇನ್ನೊಬ್ಬರಿಲ್ಲ.

ಆದರೂ ಆ ತಾಯಿ ಹೇಳಿದ್ದೇ ಸರಿ. ಈ ವಾರವೆಲ್ಲ ಅದೇ ಮಾತು ನನ್ನ ಕಿವಿಯಲ್ಲಿದೆ: ‘ನೀವೇ ಹೇಳಿದಿರಲ್ಲ?’

ಆ ಕರೆಯ ಹಿಂದಿನ ದಿನವಷ್ಟೇ ತಾಲೂಕು ಮಟ್ಟದ ತಂತ್ರಜ್ಞಾನ ಕಾರ್ಯಾಗಾರಕ್ಕೆ ಹೋಗಿ ಬಂದಿದ್ದೆ. ಸಂಪನ್ಮೂಲ ವ್ಯಕ್ತಿಯಾಗಿ ಬಂದಿದ್ದ ಯುವಕ ಚೆನ್ನಾಗಿ ತಿಳಿದವನು, ಹಿರಿಯ ಶಿಕ್ಷಕಿಯೊಬ್ಬರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರೂ ಮುಖ ಗಂಟಿಕ್ಕಲಿಲ್ಲ. ಬೆಳಗಿನ ಅವಧಿಯಲ್ಲಿ ಸೈಬರ್ ಸುರಕ್ಷತೆ. ವಾಟ್ಸ್‌ಆ್ಯಪಿಗೆ ಎರಡು ಹಂತದ ಪರಿಶೀಲನೆ ಹಾಕಿಕೊಂಡು ಆರು ಅಂಕಿಗಳ ಪಿನ್ ಇಟ್ಟುಕೊಳ್ಳಿ, ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಆಧಾರ್ ಪ್ರತಿ ಕೊಡಲೇಬೇಕಾದರೆ ಮೊದಲ ಎಂಟು ಅಂಕಿಗಳನ್ನು ಮರೆಮಾಡಿದ ಪ್ರತಿಯನ್ನು ಇಳಿಸಿಕೊಳ್ಳಿ. ಎಲ್ಲವೂ ಉಪಯೋಗಕ್ಕೆ ಬರುವ ಮಾತುಗಳೇ. ನಾನು ಬರೆದುಕೊಂಡೆ.

ಊಟದ ನಂತರ ಬಾಕಿ ಕೆಲಸಗಳ ಪಟ್ಟಿ ಪರದೆಯ ಮೇಲೆ ಬಂತು. ದೇಶದ ಶಾಲೆಗಳ ಮಾಹಿತಿ ತುಂಬುವ ಯುಡೈಸ್ ಪ್ಲಸ್‌ನಲ್ಲಿ ಯಾವ ಶಾಲೆಯ ಎಷ್ಟು ಮಕ್ಕಳ ವಿವರ ಉಳಿದಿದೆ, ವಿದ್ಯಾರ್ಥಿಯ ಗುರುತಿಗೆಂದು ಕೊಡುವ ಅಪಾರ್ ಸಂಖ್ಯೆ ಎಷ್ಟು ಮಕ್ಕಳಿಗೆ ಸೃಷ್ಟಿಯಾಗಿಲ್ಲ, ರಾಜ್ಯದ ವಿದ್ಯಾರ್ಥಿ ದಾಖಲೆಗಳ ಎಸ್‌ಎಟಿಎಸ್‌ನಲ್ಲಿರುವ ಹೆಸರು ಆಧಾರಿನ ಹೆಸರಿಗೆ ಎಲ್ಲಿ ಹೊಂದುತ್ತಿಲ್ಲ. ಹೊಂದದಿರುವುದರಲ್ಲಿ ಆಶ್ಚರ್ಯವೇನಿದೆ? ದಾಖಲಾತಿ ಪುಸ್ತಕದಲ್ಲಿ ಇನಿಷಿಯಲ್ ಮುಂದೆ, ಆಧಾರಿನಲ್ಲಿ ಹಿಂದೆ. ಒಂದು ಕಡೆ ‘ಮಂಜುನಾಥ’, ಇನ್ನೊಂದು ಕಡೆ ‘ಮಂಜುನಾಥ್ ಟಿ’. ಅದನ್ನು ಸರಿಪಡಿಸಲು ಕೂಲಿಯ ಮನೆಯವರು ಆಧಾರ್ ಕೇಂದ್ರದ ಮುಂದೆ ಇಡೀ ದಿನ ಸರದಿಯಲ್ಲಿ ನಿಲ್ಲುತ್ತಾರೆ. ಈ ಪಟ್ಟಿಯ ಕೊನೆಯಲ್ಲಿ, ಬೆಳಿಗ್ಗೆ ಓಟಿಪಿ ಯಾರಿಗೂ ಹೇಳಬೇಡಿ ಎಂದಿದ್ದ ಅದೇ ಯುವಕ ಹೇಳಿದ: “ಪೋಷಕರಿಗೆ ಫೋನು ಮಾಡಿ ಓಟಿಪಿ ಪಡೆದು ಬೇಗ ಮುಗಿಸಿ.” ಸಭೆಯಲ್ಲಿ ಯಾರೂ ತಲೆ ಎತ್ತಲಿಲ್ಲ. ಅವನ ಮೇಲೆ ನನಗೆ ದೂರಿಲ್ಲ, ಅವನಿಗೂ ಮೇಲಿನಿಂದ ದಿನಕ್ಕೊಂದು ಸಲ ಶೇಕಡಾವಾರು ಕೇಳುವವರಿದ್ದಾರೆ. ನಾವೆಲ್ಲರೂ ಎರಡೂ ಮಾತುಗಳಿಗೆ ತಲೆಯಾಡಿಸಿ ಬಂದೆವು. ಆ ಎರಡು ಮಾತುಗಳು ಒಟ್ಟಿಗೆ ನಿಲ್ಲುವುದಿಲ್ಲ ಎಂದು ಬಾಯಿ ಬಿಟ್ಟು ಹೇಳಿದ್ದು ಹೊಲದಲ್ಲಿ ನಿಂತಿದ್ದ ಆ ಹೆಂಗಸು.

ಬುಧವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಆಕೆ ಬಂದರು. ಕೀಪ್ಯಾಡ್ ಫೋನನ್ನು ಕರವಸ್ತ್ರದಲ್ಲಿ ಸುತ್ತಿ ಹಿಡಿದಿದ್ದರು. ಅರ್ಧ ದಿನದ ಕೂಲಿ ಹೋಯಿತು ಎಂಬ ಮಾತನ್ನು ಆಕೆ ಎತ್ತಲಿಲ್ಲ, ನಮ್ಮ ಮೇಷ್ಟ್ರು ಕೇಳಿದ ಮೇಲೆ ಗೊತ್ತಾಯಿತು. ಮೇಷ್ಟ್ರು ಕುರ್ಚಿ ಎಳೆದು ಕೂರಿಸಿದರು, ಲ್ಯಾಪ್‌ಟಾಪನ್ನು ಅವರತ್ತ ತಿರುಗಿಸಿದರು. ಸಂದೇಶ ಬಂತು, ಇಂಗ್ಲಿಷಿನಲ್ಲಿತ್ತು. ತಾಯಿ ಫೋನನ್ನು ಮಗಳ ಕೈಗೆ ಕೊಟ್ಟು, “ಪೂರ್ತಿ ಓದು, ಯಾಕೆ ಕಳಿಸಿದ್ದಾರೆ ಎಂದು ಮೊದಲು ಹೇಳು” ಎಂದರು. ಹುಡುಗಿ ಅಕ್ಷರ ಕೂಡಿಸಿ ಓದಿದಳು: ಇದು ವಿದ್ಯಾರ್ಥಿವೇತನದ ನೋಂದಣಿಗೆ, ಯಾರಿಗೂ ಹೇಳಬೇಡಿ. ತಾಯಿ ತಲೆಯಾಡಿಸಿದರು. ಮಗಳು ತಾನೇ ಅಂಕಿಗಳನ್ನು ಒತ್ತಿದಳು.

ಕಾರ್ಯಾಗಾರದಲ್ಲಿ ನಮಗೆ ಕಲಿಸಬೇಕಾಗಿದ್ದದ್ದು ಇದನ್ನೇ ಎಂದು ನನಗೆ ಬಲವಾಗಿ ಅನ್ನಿಸಿತು. ಯಾವ ಗುಂಡಿ ಎಲ್ಲಿದೆ ಎಂಬುದು ಮುಂದಿನ ವರ್ಷ ಬದಲಾಗುತ್ತದೆ. ಸಂದೇಶವನ್ನು ಪೂರ್ತಿ ಓದುವುದು, ಏಕೆ ಎಂದು ಕೇಳುವುದು, ಅಂಕಿಯನ್ನು ತಾನೇ ಒತ್ತುವುದು, ಇವು ಬದಲಾಗುವುದಿಲ್ಲ. ನಾವು ಫೋನಿನಲ್ಲಿ ಓಟಿಪಿ ಕೇಳಿ ಕೇಳಿ ರೂಢಿ ಮಾಡಿಸಿದರೆ, ನಾಳೆ ನಮ್ಮ ಹೆಸರಿನಲ್ಲಿ ಕರೆ ಮಾಡುವ ಕಳ್ಳನಿಗೆ ದಾರಿ ಮಾಡಿಕೊಟ್ಟವರು ನಾವೇ ಆಗುತ್ತೇವೆ. ‘ವಿದ್ಯಾರ್ಥಿವೇತನ ಬಂದಿದೆ, ನಂಬರು ಹೇಳಿ’ ಎನ್ನುವ ಕರೆಗೆ ನಮ್ಮ ಪೋಷಕರಷ್ಟು ಸುಲಭವಾಗಿ ಸಿಕ್ಕಿಬೀಳುವವರು ಯಾರಿದ್ದಾರೆ? ಅವರಿಗೆ ಮೇಷ್ಟ್ರ ಮೇಲೆ ಅಷ್ಟು ನಂಬಿಕೆ ಇದೆ.

ಓಟಿಪಿ ಒಂದರಲ್ಲೇ ಇದು ಮುಗಿಯುವುದಿಲ್ಲ. ಮಕ್ಕಳ ಆಧಾರ್ ಕಾರ್ಡಿನ ಫೋಟೋಗಳು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಜಾತಿ ಪ್ರಮಾಣಪತ್ರ, ಎಲ್ಲವೂ ದೊಡ್ಡ ದೊಡ್ಡ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತವೆ. ವರ್ಗವಾಗಿ ಹೋದವರು, ನಿವೃತ್ತರಾದವರು ಇನ್ನೂ ಆ ಗುಂಪುಗಳಲ್ಲಿದ್ದಾರೆ. ಅಪಾರ್ ಸಂಖ್ಯೆಗೆ ಪೋಷಕರ ಒಪ್ಪಿಗೆ ಪತ್ರ ಬೇಕು, ಆದರೆ ಆ ಪತ್ರವನ್ನು ಓದಿ ಹೇಳಿ ಸಹಿ ಹಾಕಿಸಿಕೊಳ್ಳುವಷ್ಟು ಸಮಯವನ್ನು ಯಾವ ಗಡುವೂ ಕೊಡುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದವರನ್ನೆಲ್ಲ ಮಕ್ಕಳೆಂದೇ ಪರಿಗಣಿಸಿ, ಅವರ ವಿವರಗಳಿಗೆ ಪೋಷಕರ ಒಪ್ಪಿಗೆಯ ಮಾತನ್ನು ಹೇಳುತ್ತದೆ. ಆ ಕಾಯ್ದೆಯ ಹೆಸರನ್ನೂ ಕೇಳಿರದ ತಾಯಿ, ಒಪ್ಪಿಗೆ ಎಂದರೇನೆಂದು ನಮ್ಮ ಕೊಠಡಿಯಲ್ಲಿ ಕುಳಿತು ತೋರಿಸಿ ಹೋದರು.

ಮೇಷ್ಟ್ರ ಸಿಟ್ಟು ಅಂದೇ ಇಳಿದಿತ್ತು. ಮುಖ್ಯ ಶಿಕ್ಷಕರೊಂದಿಗೆ ಮಾತನಾಡಿ ಒಂದು ಏರ್ಪಾಡು ಮಾಡಿಕೊಂಡಿದ್ದೇವೆ. ಇನ್ನು ಮುಂದೆ ಪೋಷಕರಿಗೆ ಫೋನು ಮಾಡಿ ಓಟಿಪಿ ಕೇಳುವುದಿಲ್ಲ. ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಅವರೇ ಫೋನು ಹಿಡಿದು ಬರಲಿ, ಪರದೆ ಅವರ ಕಡೆಗಿರಲಿ, ಮಗು ಓದಿ ಹೇಳಲಿ. ಕೂಲಿ ಬಿಟ್ಟು ಬರಲಾಗದವರಿಗೆ ಸಂಜೆ ಆರರ ನಂತರವೂ ಕೊಠಡಿ ತೆರೆದಿಡುತ್ತೇವೆ. ಗಡುವಿನೊಳಗೆ ಎಲ್ಲರದೂ ಮುಗಿಯುತ್ತದೆಯೇ ಎಂದು ಮೇಷ್ಟ್ರಿಗೆ ಅನುಮಾನವಿದೆ. ಮೊದಲು ವಿದ್ಯಾರ್ಥಿವೇತನದ ಮಕ್ಕಳು, ಆಮೇಲೆ ಉಳಿದ ಪಟ್ಟಿ ಎಂದು ಕರಿಹಲಗೆಯ ಮೇಲೆ ಅವರೇ ಬರೆದಿದ್ದಾರೆ.