ಬಸುರಿಗೆ ವಾಯಿದೆ ಇಲ್ಲ

ಹೈಕೋರ್ಟಿನ ಧಾರವಾಡ ಪೀಠದಲ್ಲಿ ವಕೀಲಿ ಮಾಡುವ ನಾನು ಗರ್ಭಪಾತಕ್ಕೆ ಅನುಮತಿ ಕೋರುವ ರಿಟ್ ಅರ್ಜಿಯನ್ನು ಮೊದಲ ಬಾರಿಗೆ ಬರೆದದ್ದು 2022ರ ಆರಂಭದಲ್ಲಿ. ಕಕ್ಷಿದಾರಳನ್ನು ಗಂಡ ಬಿಟ್ಟುಹೋಗಿದ್ದ, ಆದರೆ ವಿಚ್ಛೇದನ ಆಗಿರಲಿಲ್ಲ. 2021ರ ತಿದ್ದುಪಡಿಯ ನಂತರ ಎಂಟಿಪಿ ಕಾಯ್ದೆಯಡಿ, ಅಂದರೆ ವೈದ್ಯಕೀಯ ಗರ್ಭಪಾತ ಕಾಯ್ದೆಯಡಿ, 20ರಿಂದ 24 ವಾರದ ನಡುವೆ ಯಾರು ಗರ್ಭಪಾತ ಮಾಡಿಸಿಕೊಳ್ಳಬಹುದೆಂಬ ಪಟ್ಟಿ ನಿಯಮ 3ಬಿಯಲ್ಲಿದೆ. ವೈವಾಹಿಕ ಸ್ಥಿತಿ ಬದಲಾದವರೆಂದು ಅಲ್ಲಿ ಕಾಣಿಸಿರುವುದು ವೈಧವ್ಯ ಮತ್ತು ವಿಚ್ಛೇದನ ಮಾತ್ರ. ಆಸ್ಪತ್ರೆಯವರು ಅದನ್ನೇ ತೋರಿಸಿ, ಕೋರ್ಟಿನ ಆದೇಶ ತನ್ನಿ ಎಂದು ಕಳಿಸಿದ್ದರು.

ನಾನು 31 ಪುಟ ಬರೆದೆ. ಸಂತಾನದ ಆಯ್ಕೆಯನ್ನು 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದ 2009ರ ಸುಚಿತಾ ಶ್ರೀವಾಸ್ತವ ತೀರ್ಪು, ಖಾಸಗಿತನವನ್ನು ಮೂಲಭೂತ ಹಕ್ಕೆಂದ 2017ರ ಪುಟ್ಟಸ್ವಾಮಿ ತೀರ್ಪು, ಎಲ್ಲವೂ ಇದ್ದವು. ನಿಯಮವೇ ಸಂವಿಧಾನಬಾಹಿರವೆಂದು ಸಾರಬೇಕೆಂಬುದು ಕೋರ್ಟಿಗೆ ಮೊದಲ ಪ್ರಾರ್ಥನೆ, ಅಂದರೆ ಕೋರಿಕೆ. ಗರ್ಭಪಾತದ ಅನುಮತಿಯದು ನಾಲ್ಕನೆಯದು. ನಿಯಮದ ಸಿಂಧುತ್ವವನ್ನೇ ಪ್ರಶ್ನಿಸಿದ್ದರಿಂದ ಆಕ್ಷೇಪಣೆ ಸಲ್ಲಿಸಲು ಎರಡು ವಾರ ಬೇಕೆಂದು ಸರ್ಕಾರಿ ವಕೀಲರು ಕೇಳಿದರು. ಇವತ್ತಿಗೆ ಎಷ್ಟು ವಾರವಾಯಿತು ಎಂದು ನ್ಯಾಯಮೂರ್ತಿಗಳು ನನ್ನನ್ನು ಕೇಳಿದಾಗ ನಾನು ಹೇಳಿದ್ದು ಸ್ಕ್ಯಾನಿಂಗ್ ವರದಿಯ ಅಂಕಿಯನ್ನು, ಅಂದರೆ ಆರು ದಿನ ಹಳೆಯದನ್ನು. ವಾಸ್ತವದಲ್ಲಿ ಆಕೆಗೆ ಆಗಲೇ 23 ವಾರ 1 ದಿನವಾಗಿತ್ತು. ಎರಡು ವಾರದ ವಾಯಿದೆ ಎಂದರೆ ಅರ್ಜಿ ವಜಾ ಆದಂತೆಯೇ.

ಹೊರಗೆ ಪಡಸಾಲೆಯಲ್ಲಿ ನಮ್ಮ ಹಿರಿಯ ವಕೀಲರು, ‘ನೋಡವಾ, ಕೇಸಿಗೆ ವಾಯಿದೆ ಸಿಗತೈತಿ, ಬಸುರಿಗೆ ಸಿಗೂದಿಲ್ಲ’ ಎಂದರು. ಮೊದಲ ಮೂರು ಪ್ರಾರ್ಥನೆಗಳನ್ನು ಕಾಯ್ದಿರಿಸಿ ಗರ್ಭಪಾತದ ಮಧ್ಯಂತರ ಕೋರಿಕೆಯನ್ನಷ್ಟೇ ಆಲಿಸಬೇಕೆಂದು ಅರ್ಧ ಹಾಳೆಯ ಮೆಮೊ ಬರೆಸಿದರು. ಜಿಲ್ಲಾ ಆಸ್ಪತ್ರೆಯ ವೈದ್ಯರು ಎರಡು ದಿನದಲ್ಲಿ ಪರೀಕ್ಷಿಸಿ ವರದಿ ಕೊಡಬೇಕೆಂಬ ಆದೇಶ ಅಂದು ಮಧ್ಯಾಹ್ನವೇ ಬಂತು. 24 ವಾರ ತುಂಬುವ ಮೊದಲೇ ಕೆಲಸ ಮುಗಿಯಿತು.

ನಾನು ಆ ಆಸ್ಪತ್ರೆಯವರನ್ನು ಬಹಳ ದಿನ ಬೈದುಕೊಂಡೆ. ಆದರೆ 1971ರಲ್ಲಿ ಬಂದ ಈ ಎಂಟಿಪಿ ಕಾಯ್ದೆಯ ಹುಟ್ಟನ್ನು ನೋಡಿದರೆ ಅವರ ಹಿಂಜರಿಕೆ ಅರ್ಥವಾಗುತ್ತದೆ. ಅಸುರಕ್ಷಿತ ಗರ್ಭಪಾತದಿಂದಾಗುವ ಸಾವುಗಳನ್ನು ಮುಂದಿಟ್ಟ ಶಾಂತಿಲಾಲ್ ಶಾ ಸಮಿತಿಯ ವರದಿಯನ್ನು ಆಧರಿಸಿ ಸಂಸತ್ತು ಮಾಡಿದ್ದು, ಅಂದಿನ ದಂಡಸಂಹಿತೆಯ 312ನೇ ಕಲಮು ಹೇಳುತ್ತಿದ್ದ ಗರ್ಭಪಾತದ ಅಪರಾಧದಿಂದ ವೈದ್ಯರಿಗೆ ರಕ್ಷಣೆ ಕೊಡುವ ಕಾನೂನನ್ನು. ಅಮೆರಿಕದಲ್ಲಿ ಗರ್ಭಪಾತವನ್ನು ಹೆಣ್ಣಿನ ಹಕ್ಕೆಂದ 1973ರ ರೋ ತೀರ್ಪಿನ ಸುತ್ತ ಎದ್ದಂಥ ರಾಜಕೀಯ ಕದನ ಇಲ್ಲಿ ಏಳದಿರಲು ಆ ಜಾಣತನವೂ ಒಂದು ಕಾರಣವೆಂದೇ ನನ್ನ ಎಣಿಕೆ. ಅದಕ್ಕೆ ತೆತ್ತ ಬೆಲೆ ಎಂದರೆ, ಹೆಣ್ಣಿಗೆ ಬೇಡ ಎನ್ನುವುದಷ್ಟೇ ನಮ್ಮ ಕಾನೂನಿಗೆ ಸಾಕಾಗುವುದಿಲ್ಲ. ವೈದ್ಯರ ಅಭಿಪ್ರಾಯ ಬೇಕು.

2022ರಲ್ಲೇ ದೆಹಲಿಯ ಅವಿವಾಹಿತೆಯೊಬ್ಬರ ಪ್ರಕರಣದಲ್ಲಿ ಇದೇ ದಾರಿಯನ್ನು ದೊಡ್ಡ ಮಟ್ಟದಲ್ಲಿ ಕಂಡೆ. ಜುಲೈ 15ರಂದು ದೆಹಲಿ ಹೈಕೋರ್ಟ್ ನಿರಾಕರಿಸಿದ್ದನ್ನು ಸುಪ್ರೀಂ ಕೋರ್ಟ್ 21ರಂದು ಮಧ್ಯಂತರ ಆದೇಶದಿಂದ ಸರಿಪಡಿಸಿತು. ಕಾನೂನಿನ ಪ್ರಶ್ನೆಯನ್ನು ಉಳಿಸಿಕೊಂಡು ಸೆಪ್ಟೆಂಬರ್ 29ರಂದು ತೀರ್ಪಿತ್ತಿತು. ಕಾಯ್ದೆಯಲ್ಲಿ ‘ಗಂಡ’ ಎಂದಿದ್ದಲ್ಲಿ 2021ರ ತಿದ್ದುಪಡಿ ‘ಸಂಗಾತಿ’ ಎಂದು ಬರೆದಿದ್ದ ಒಂದು ಪದವನ್ನು ಹಿಡಿದು, 3ಬಿಯನ್ನು ರದ್ದುಪಡಿಸದೆ ಅವಿವಾಹಿತೆಯರಿಗೂ ಸಂಗಾತಿ ತೊರೆದವರಿಗೂ ಅನ್ವಯಿಸುವಂತೆ ಅರ್ಥೈಸಿತು. ನಾನು 31 ಪುಟದಲ್ಲಿ ಒಡೆಯಹೊರಟಿದ್ದ ಬಾಗಿಲಿಗೆ ಚಿಲಕವಿತ್ತು.

ಈಗ ನನ್ನ ಅರ್ಜಿಯ ಮೊದಲ ಪುಟದಲ್ಲಿ ಮುಂದಿನ ಹತ್ತು ದಿನಗಳ ತಾರೀಕಿಗೆ ಎದುರಾಗಿ ಗರ್ಭದ ವಾರ ಮತ್ತು ದಿನ ಬರೆದ ಪಟ್ಟಿಯಿರುತ್ತದೆ. 24 ದಾಟಿದ ಮೇಲೆ ಆ ಪಟ್ಟಿಯೂ ನೆರವಾಗುವುದು ಕಡಿಮೆ. 2023ರ ಅಕ್ಟೋಬರ್‌ನಲ್ಲಿ, ಎರಡು ಮಕ್ಕಳ ತಾಯಿಯೊಬ್ಬರ 26 ವಾರದ ಪ್ರಕರಣದಲ್ಲಿ ಆಕೆಯ ನಿರ್ಧಾರವನ್ನು ಗೌರವಿಸಬೇಕೆಂದು ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಬರೆದರೂ, ಪೀಠದಲ್ಲಿ ಭಿನ್ನಮತ ಬಂದು, ಮೂವರು ನ್ಯಾಯಮೂರ್ತಿಗಳ ಪೀಠ 16ರಂದು ಅನುಮತಿ ನಿರಾಕರಿಸಿತು.