ಮಾತ್ರೆ ಡಬ್ಬಿ ಕೊಳ್ಳುವ ಮೊದಲು ಒಂದು ಹಾಳೆ ಬರೆಯಿರಿ

ಮನೆಯಲ್ಲಿ ವಯಸ್ಸಾದವರಿಗೆ ಬಿಪಿ, ಶುಗರ್, ಥೈರಾಯ್ಡ್ ಎಲ್ಲಾ ಇದೆ ಅಂದರೆ ಮಕ್ಕಳು ಮೊದಲು ಮಾಡುವ ಕೆಲಸ ಆನ್‌ಲೈನ್‌ನಲ್ಲಿ ಒಂದು ಮಾತ್ರೆ ಡಬ್ಬಿ ತರಿಸುವುದು. ವಾರದ ಏಳು ದಿನ, ದಿನಕ್ಕೆ ಮೂರೋ ನಾಲ್ಕೋ ಖಾನೆ. ಒಳ್ಳೆಯದೇ, ನಮ್ಮತ್ತೆಯ ಹತ್ತಿರವೂ ಒಂದಿದೆ. ಆದರೆ ಅದಕ್ಕೆ ಏನು ತುಂಬಬೇಕು ಅನ್ನುವುದೇ ಗೊಂದಲವಾಗಿದ್ದರೆ ತಪ್ಪು ಮಾತ್ರೆಯನ್ನು ದಿನಾ ಟೈಮಿಗೆ ಸರಿಯಾಗಿ ನುಂಗಿದಂತಾಗುತ್ತದೆ, ಅಷ್ಟೇ. ಅದಕ್ಕೇ ಹಾಳೆ ಮೊದಲು, ಡಬ್ಬಿ ಆಮೇಲೆ ಅನ್ನುತ್ತೇನೆ.

ಹಾಳೆಯಲ್ಲಿ ಮಾತ್ರೆಯ ಕಂಪನಿ ಹೆಸರು, ಪಕ್ಕದಲ್ಲೇ ಒಳಗಿರುವ ಔಷಧದ ಹೆಸರು, ಎಷ್ಟು ಎಂಜಿ, ಯಾವ ಕಾಯಿಲೆಗೆ, ಯಾವ ಹೊತ್ತಿಗೆ, ಊಟಕ್ಕೆ ಮುಂಚೆಯೋ ಆಮೇಲೋ, ಬರೆದ ಡಾಕ್ಟರ್ ಯಾರು, ಇಷ್ಟಿದ್ದರೆ ಸಾಕು. ಇದರಲ್ಲಿ ಒಳಗಿರುವ ಔಷಧದ ಹೆಸರನ್ನು ಮಾತ್ರ ದಯವಿಟ್ಟು ಬಿಡಬೇಡಿ. ಬಿಪಿ ಮಾತ್ರೆಯ ಸ್ಟ್ರಿಪ್ ಮೇಲೆ 'ಟೆಲ್ಮಿಸಾರ್ಟನ್ ಟ್ಯಾಬ್ಲೆಟ್ಸ್ ಐ.ಪಿ. 40 ಎಂಜಿ' ಅಂತ ಇರುತ್ತದಲ್ವಾ, ಅದು. ಹಾರ್ಟ್ ಡಾಕ್ಟರ್ ಒಂದು ಕಂಪನಿಯದು ಬರೆದಿರುತ್ತಾರೆ, ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವಾಗ ಅದೇ ಔಷಧ ಬೇರೆ ಕಂಪನಿ ಹೆಸರಲ್ಲಿ ಕೊಟ್ಟಿರುತ್ತಾರೆ, ಜನೌಷಧಿ ಕೇಂದ್ರದಲ್ಲಿ ತಂದದ್ದರ ಮೇಲೆ ಔಷಧದ ಹೆಸರೇ ದೊಡ್ಡದಾಗಿರುತ್ತದೆ. ಬಣ್ಣ ಬೇರೆ, ಆಕಾರ ಬೇರೆ, ಹಾಗಾಗಿ ಎರಡನ್ನೂ ತಗೊಳ್ಳುತ್ತಾರೆ. ಬಿಪಿ ಇಳಿದು, ತಲೆ ಸುತ್ತಿ, ಬಚ್ಚಲಲ್ಲಿ ಬೀಳುವುದು ಹೀಗೇ. ಜ್ವರಕ್ಕೆ ಡೋಲೋ 650 ನುಂಗಿ, ಮೇಲೆ ನೆಗಡಿ ಮಾತ್ರೆಯನ್ನೂ ನುಂಗುವವರು ಎಷ್ಟು ಜನ! ಎಷ್ಟೋ ನೆಗಡಿ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ. ಆರೋಗ್ಯವಾಗಿರುವ ದೊಡ್ಡವರಿಗೂ ಎಲ್ಲಾ ಸೇರಿ ದಿನಕ್ಕೆ 4 ಗ್ರಾಂ ದಾಟಬಾರದು, ಲಿವರ್ ತೊಂದರೆ ಇದ್ದರೆ ಇನ್ನೂ ಕಡಿಮೆ.

ಇನ್ನು ಸ್ಟ್ರಿಪ್ ವಿಷಯ. ಅಂಗಡಿಯಲ್ಲಿ ನಾಲ್ಕು ಮಾತ್ರೆ ಸಾಕು ಅಂದರೆ ಕತ್ತರಿಯಲ್ಲಿ ಕತ್ತರಿಸಿ ಕೊಡುತ್ತಾರೆ. ಬ್ಯಾಚ್ ನಂಬರ್, ಎಕ್ಸ್‌ಪೈರಿ ತಾರೀಖು ಸಾಮಾನ್ಯವಾಗಿ ಒಂದು ತುದಿಯಲ್ಲಿ ಮಾತ್ರ ಅಚ್ಚಾಗಿರುತ್ತದೆ, ನಮ್ಮ ಕೈಗೆ ಬಂದ ತುಂಡಿನಲ್ಲಿ ಏನೂ ಇರುವುದಿಲ್ಲ. ಅಂಗಡಿಯವರನ್ನು ಕೇಳಿ ಹಾಳೆಯಲ್ಲೋ ಕವರ್ ಮೇಲೋ ತಾರೀಖು ಬರೆಸಿಕೊಳ್ಳಿ. ಪೂರ್ತಿ ಸ್ಟ್ರಿಪ್ ತಂದರೆ ತಾರೀಖು ಇಲ್ಲದ ತುದಿಯಿಂದ ಮಾತ್ರೆ ಒತ್ತಿ ತೆಗೆಯುತ್ತಾ ಬನ್ನಿ, ಕೊನೆಯ ಮಾತ್ರೆವರೆಗೂ ತಾರೀಖು ಕಾಣುತ್ತಿರುತ್ತದೆ.

ಡಬ್ಬಿಯನ್ನು ಒಬ್ಬರೇ ತುಂಬಬೇಕು, ಹಾಳೆ ಮುಂದಿಟ್ಟುಕೊಂಡು, ವಾರಕ್ಕೊಮ್ಮೆ, ಟಿವಿ ಆಫ್ ಮಾಡಿ. ಎಲ್ಲಾ ಮಾತ್ರೆಯೂ ಅದಕ್ಕೆ ಹೋಗುವುದಿಲ್ಲ. ಥೈರಾಯ್ಡ್ ಮಾತ್ರೆ ಬಾಟಲಿಯಲ್ಲಿ ಬರುವುದಾದರೆ ಬಾಟಲಿಯಲ್ಲೇ ಇರಲಿ, ಅದಕ್ಕೆ ತೇವ, ಬೆಳಕು ಆಗುವುದಿಲ್ಲ. ಅದನ್ನು ಬರೀ ನೀರಲ್ಲಿ, ಖಾಲಿ ಹೊಟ್ಟೆಗೆ ತಗೊಂಡು ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಬೇಕು. ನಮ್ಮಲ್ಲಿ ಎದ್ದ ತಕ್ಷಣ ಕಾಫಿ ಬೇಕು, ಆದರೆ ಕಾಫಿ ಜೊತೆ ತಗೊಂಡರೆ ಆ ಔಷಧ ಮೈಗೆ ಸರಿಯಾಗಿ ಸೇರುವುದಿಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳನ್ನು ಅದರಿಂದ ನಾಲ್ಕು ಗಂಟೆ ದೂರ ಇಡಿ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಸೋಮವಾರವೋ ಮಂಗಳವಾರವೋ, ಯಾವ ದಿನ ಅಂತ ದೊಡ್ಡ ಅಕ್ಷರದಲ್ಲಿ ಬರೆದಿಡಿ, ಅದನ್ನು ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ನುಂಗಲು ಕಷ್ಟ ಅಂತ ಎಲೆ ಅಡಿಕೆ ಕುಟ್ಟಾಣಿಯಲ್ಲಿ ಮಾತ್ರೆ ಕುಟ್ಟಿ ಕೊಡುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ಹೆಸರಿನ ಕೊನೆಗೆ ಎಸ್‌ಆರ್, ಇಆರ್, ಎಕ್ಸ್‌ಆರ್ ಅಂತ ಇದ್ದರೆ ಅದು ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ, ಕುಟ್ಟಿದರೆ ಪೂರ್ತಿ ಡೋಸ್ ಒಂದೇ ಸಲಕ್ಕೆ ಇಳಿದುಬಿಡುತ್ತದೆ. ಡಾಕ್ಟರನ್ನು ಕೇಳಿದರೆ ಬೇರೆ ರೂಪದಲ್ಲಿ ಬರೆದುಕೊಡಬಹುದು, ಸಂಕೋಚ ಬೇಡ.

ಇನ್ಸುಲಿನ್ ತಗೊಳ್ಳುವವರು ಇದನ್ನು ಗಮನವಿಟ್ಟು ಓದಿ. ನಮ್ಮ ದೇಶದಲ್ಲಿ ಸಿಗುವ ಬಾಟಲಿಗಳಲ್ಲಿ ಹೆಚ್ಚಿನವು ಒಂದು ಎಂಎಲ್‌ಗೆ 40 ಯೂನಿಟ್‌ನವು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪೆನ್ನಿನ ಕಾರ್ಟ್ರಿಜ್‌ನಲ್ಲಿ ಸಾಮಾನ್ಯವಾಗಿ ಒಂದು ಎಂಎಲ್‌ಗೆ 100 ಯೂನಿಟ್. ಪೆನ್ ಕೆಟ್ಟಿದೆ ಅಂತ ಕಾರ್ಟ್ರಿಜ್‌ನಿಂದ ಆ ಕೆಂಪು ಮುಚ್ಚಳದ ಸಿರಿಂಜ್‌ಗೆ ಎಳೆದರೆ ಡೋಸ್ ಎರಡೂವರೆ ಪಟ್ಟು ಆಗುತ್ತದೆ. ಯಾವತ್ತೂ ಮಾಡಬೇಡಿ.

'ಬೆಳಗ್ಗೆ ತಗೊಂಡ್ನೋ ಇಲ್ವೋ' ಅನ್ನುವ ಅನುಮಾನಕ್ಕೆ ಫೋನ್ ಅಲಾರಂ ಉತ್ತರ ಕೊಡುವುದಿಲ್ಲ, ಅಲಾರಂ ಆಫ್ ಮಾಡಿ ಬೇರೆ ಕೆಲಸಕ್ಕೆ ಹೋಗುವವರೇ ಜಾಸ್ತಿ. ತಗೊಂಡಿದ್ದಕ್ಕೆ ಗುರುತು ಬೇಕು. ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರ್‌ನಲ್ಲೇ ಒಂದು ಟಿಕ್ ಹಾಕಿದರೂ ನಡೆಯುತ್ತದೆ. ಕ್ಷಯದ ರೋಗಿಗಳಿಗೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ರೂಪಿಸಿದ 99ಡಾಟ್ಸ್ ನನಗೆ ತುಂಬಾ ಹಿಡಿಸಿದ್ದು ಇದಕ್ಕೇ. ಮಾತ್ರೆ ಪಟ್ಟಿಗೆ ಕಾಗದದ ಹೊದಿಕೆ ಹಾಕಿರುತ್ತಾರೆ, ಮಾತ್ರೆ ಒತ್ತಿ ತೆಗೆದಾಗ ಅದರ ಹಿಂದೆ ಅಡಗಿದ್ದ ಫೋನ್ ನಂಬರ್ ಕಾಣುತ್ತದೆ. ದುಡ್ಡು ಖರ್ಚಿಲ್ಲದೆ ಆ ನಂಬರಿಗೆ ಕರೆ ಮಾಡಿದರೆ ಅವತ್ತಿನ ಮಾತ್ರೆ ಲೆಕ್ಕಕ್ಕೆ ಬರುತ್ತದೆ. ಸ್ಮಾರ್ಟ್‌ಫೋನೂ ಬೇಡ. ಮನೆಯಲ್ಲಿ ಇದನ್ನು ಸುಲಭವಾಗಿ ಮಾಡಬೇಕೆಂದರೆ ಸ್ಟ್ರಿಪ್ ಹಿಂದೆ ಒಂದೊಂದು ಮಾತ್ರೆಯ ಮೇಲೂ ಮಾರ್ಕರ್ ಪೆನ್ನಿನಲ್ಲಿ ತಾರೀಖು ಬರೆದುಬಿಡಿ. ಅವತ್ತಿನ ತಾರೀಖಿನ ಗುಂಡಿ ಖಾಲಿ ಇದ್ದರೆ ತಗೊಂಡಾಗಿದೆ ಅಂತ ಅರ್ಥ.

ಮರೆತ ಡೋಸ್ ಸರಿದೂಗಿಸಲು ಸುಮ್ನೆ ಎರಡು ಮಾತ್ರೆ ಒಟ್ಟಿಗೆ ನುಂಗಬಾರದು. ಒಂದೊಂದು ಔಷಧಕ್ಕೆ ಒಂದೊಂದು ನಿಯಮ, ಆದ್ದರಿಂದ ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ 'ಇದನ್ನ ಮರೆತರೆ ಏನು ಮಾಡಲಿ?' ಅಂತ ಪ್ರತಿಯೊಂದಕ್ಕೂ ಕೇಳಿ. ಅಶ್ವಗಂಧ, ಕಷಾಯ ಏನಾದರೂ ತಗೊಳ್ಳುತ್ತಿದ್ದರೆ ಅದನ್ನೂ ಆಗಲೇ ಹೇಳಿಬಿಡಿ.